ವಿನಾಯಿತಿ ಬರುವಷ್ಟರಲ್ಲಿ ಈರುಳ್ಳಿ ಮೊಳೆತಿರುತ್ತದೆ

ಪ್ರಶ್ನೆ: ನಮ್ಮದು ದೇವನಹಳ್ಳಿ ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿ. ಒಟ್ಟು 340 ಸದಸ್ಯರಿದ್ದೇವೆ. ಹೆಚ್ಚಿನವರಿಗೆ ಎರಡು ಎಕರೆಗಿಂತ ಕಡಿಮೆ ಜಮೀನು. ಬೆಂಗಳೂರು ರೋಸ್ ಈರುಳ್ಳಿ ಮತ್ತು ತರಕಾರಿ ಬೆಳೆಯುತ್ತೇವೆ. ಈರುಳ್ಳಿಯನ್ನು ಇಲ್ಲಿಯವರೆಗೆ ರಫ್ತುದಾರರ ಏಜೆಂಟರಿಗೆ ಕೊಡುತ್ತಿದ್ದೆವು. ಇನ್ನು ಮುಂದೆ ನಾವೇ ನೇರವಾಗಿ ರಫ್ತು ಮಾಡಬಹುದೇ? ಸರ್ಕಾರಕ್ಕೆ ಮನವಿ ಕೊಡಬೇಕೆಂದೂ ಮಾತಾಗಿದೆ. ಸಬ್ಸಿಡಿ ಕೇಳಬೇಕೆ, ಶೈತ್ಯಾಗಾರ ಕೇಳಬೇಕೆ ಎಂಬಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. — ಕಂಪನಿಯ ನಿರ್ದೇಶಕಿ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನೀವೇ ರಫ್ತಿಗೆ ಇಳಿಯಬೇಕೇ ಬೇಡವೇ ಎಂಬುದು ಅದರ ಮೇಲೆಯೇ ನಿಂತಿದೆ. ಸಬ್ಸಿಡಿಗಿಂತಲೂ ಶೈತ್ಯಾಗಾರಕ್ಕಿಂತಲೂ ಮೊದಲು ನೀವು ಸರ್ಕಾರದಿಂದ ಕೇಳಬೇಕಾದದ್ದು ಕಾಲಾವಕಾಶವನ್ನು. ರಫ್ತಿನ ನಿಯಮ ಬದಲಾಗುವುದಾದರೆ ಅದು ಬದಲಾಗುವ ಮುನ್ನ ತಿಳಿಯಬೇಕು, ಬದಲಾದಾಗ ನಿಮ್ಮ ಕೊಟ್ಟಿಗೆಯಲ್ಲಿರುವ ಸರಕಿಗೆ ದಾರಿ ಇರಬೇಕು, ವಿನಾಯಿತಿ ಕೊಡುವುದಾದರೆ ನಿಷೇಧದ ಆದೇಶದಲ್ಲೇ ಕೊಡಬೇಕು. ಇಪ್ಪತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಕುಳಿತು ಸುತ್ತಲಿನ ಜಿಲ್ಲೆಗಳ ರೈತ ಗುಂಪುಗಳ ರಫ್ತು ಕಾಗದಪತ್ರ ನೋಡುತ್ತ ಬಂದವನಾಗಿ ಹೇಳುತ್ತಿದ್ದೇನೆ: ಬೆಲೆ ಕುಸಿದು ಸೋತ ಗುಂಪುಗಳಿಗಿಂತ, ಬೆಲೆ ಚೆನ್ನಾಗಿದ್ದಾಗಲೇ ದಾರಿ ಮುಚ್ಚಿ ಸೋತ ಗುಂಪುಗಳನ್ನು ನಾನು ಹೆಚ್ಚು ಕಂಡಿದ್ದೇನೆ.

ನಿಮ್ಮ ಬೆಳೆಯ ಸ್ವಭಾವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೆ ದೆಹಲಿಯಲ್ಲಿ ಕಡತ ನೋಡುವವರಿಗೆ ಅದನ್ನು ಪ್ರತಿ ಸಲವೂ ಹೊಸದಾಗಿ ವಿವರಿಸಬೇಕಾಗುತ್ತದೆ. ಬೆಂಗಳೂರು ರೋಸ್ ಈರುಳ್ಳಿಗೆ 2015ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಗಡ್ಡೆ ಸಣ್ಣದು, ತಳ ಚಪ್ಪಟೆ, ಬಣ್ಣ ಗಾಢ ಗುಲಾಬಿ, ಖಾರ ಹೆಚ್ಚು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಮಣ್ಣಿನಲ್ಲಿ ಬೆಳೆದು ಚೆನ್ನೈ ಬಂದರಿನ ಮೂಲಕ ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾ, ಶ್ರೀಲಂಕಾದ ಅಡುಗೆಮನೆಗಳಿಗೆ ಹೋಗುತ್ತದೆ. ಇಲ್ಲಿ ಅದನ್ನು ಕೊಳ್ಳುವವರು ತೀರಾ ಕಡಿಮೆ. ಯಶವಂತಪುರದ ಮಂಡಿಗೆ ತಂದು ಸುರಿದರೆ ದಪ್ಪ ಈರುಳ್ಳಿಯ ಪಕ್ಕದಲ್ಲಿ ಅದನ್ನು ಜಳ್ಳಿನಂತೆ ನೋಡುತ್ತಾರೆ. ಆದ್ದರಿಂದ ಅದರ ರಫ್ತು ನಿಲ್ಲಿಸಿದರೆ ಬೆಂಗಳೂರಿನ ಗೃಹಿಣಿಗೆ ಈರುಳ್ಳಿ ಅಗ್ಗವಾಗುವುದಿಲ್ಲ, ಬೆಳೆದವರಿಗೆ ಮಾತ್ರ ಮಾರುಕಟ್ಟೆಯೇ ಇಲ್ಲದಂತಾಗುತ್ತದೆ. ಈರುಳ್ಳಿ ಬೆಲೆ ಏರಿದಾಗ ದಿನಗೂಲಿಯ ಮನೆಗೆ ಆಗುವ ಕಷ್ಟವನ್ನು ನಾನು ಹಗುರಾಗಿ ಕಾಣುವುದಿಲ್ಲ, ಸರ್ಕಾರ ಅದನ್ನು ತಡೆಯಲು ಮುಂದಾಗುವುದು ತಪ್ಪೂ ಅಲ್ಲ. ಆದರೆ ಆ ಕಷ್ಟಕ್ಕೂ ಈ ಈರುಳ್ಳಿಗೂ ಸಂಬಂಧವಿಲ್ಲ.

ಸಂಬಂಧವಿಲ್ಲವೆಂದು ಸರ್ಕಾರವೇ ಮತ್ತೆ ಮತ್ತೆ ಒಪ್ಪಿಕೊಂಡಿದೆ, ಆದರೆ ತಡವಾಗಿ. 2019ರ ಸೆಪ್ಟೆಂಬರ್ 29ರಂದು ಎಲ್ಲ ಈರುಳ್ಳಿಯ ರಫ್ತು ನಿಷೇಧವಾಯಿತು. ರೋಸ್ ಈರುಳ್ಳಿಗೆ 9,000 ಟನ್‌ಗಳ ಮಿತಿಯಲ್ಲಿ ಅನುಮತಿ ಬಂದದ್ದು ಅಕ್ಟೋಬರ್ 28ರಂದು. 2020ರ ಸೆಪ್ಟೆಂಬರ್ 14ರಂದು ಮತ್ತೆ ನಿಷೇಧ. 10,000 ಟನ್‌ಗಳಿಗೆ, ಅದೂ ಚೆನ್ನೈ ಬಂದರಿನಿಂದ ಮಾತ್ರ ಎಂಬ ಷರತ್ತಿನೊಂದಿಗೆ, ಅನುಮತಿ ಸಿಕ್ಕಿದ್ದು ಅಕ್ಟೋಬರ್ 9ರಂದು. 2023ರ ಆಗಸ್ಟ್ 19ರಂದು ಶೇ 40ರ ರಫ್ತು ಸುಂಕ ಬಿತ್ತು. ರೋಸ್ ಈರುಳ್ಳಿಯನ್ನು ಅದರಿಂದ ಹೊರಗಿಟ್ಟದ್ದು ಸೆಪ್ಟೆಂಬರ್ 29ರಂದು. ಲೆಕ್ಕ ಹಾಕಿದರೆ 29 ದಿನ, 25 ದಿನ, 41 ದಿನ. ಕಿತ್ತು, ಒಣಗಿಸಿ, ಕಾಂಡ ಕತ್ತರಿಸಿ ರಾಶಿ ಹಾಕಿದ ಗುಲಾಬಿ ಈರುಳ್ಳಿಗೆ ಮಳೆಗಾಲದ ತೇವದಲ್ಲಿ 41 ದಿನ ಎಂದರೆ ಏನು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಅದೇ ವರ್ಷ ಡಿಸೆಂಬರ್ 8ರಿಂದ ಮತ್ತೆ ಪೂರ್ಣ ನಿಷೇಧ ಜಾರಿಯಾಗಿ, 2024ರ ಮೇ 4ರಂದು ತೆರವಾದಾಗ ಶೇ 40ರ ಸುಂಕ ಮತ್ತೆ ಬಿತ್ತು. ರೋಸ್ ಈರುಳ್ಳಿಗೆ ಆ ಸುಂಕದಿಂದ ವಿನಾಯಿತಿ ಬರಲು ಮೇ ತಿಂಗಳ ಕೊನೆಯವರೆಗೆ ಕಾಯಬೇಕಾಯಿತು. ಉಳಿದ ಈರುಳ್ಳಿಯ ಮೇಲಿನ ಸುಂಕ 2025ರ ಏಪ್ರಿಲ್ 1ರಿಂದ ಸಂಪೂರ್ಣ ರದ್ದಾಗಿದೆ. ಆದ್ದರಿಂದ ಈಗ ದಾರಿ ತೆರೆದಿದೆ ಎಂದು ನಿಮ್ಮ ಸದಸ್ಯರು ಹೇಳುತ್ತಿರುವುದು ಸರಿಯೇ, ಆದರೆ ಮುಚ್ಚಿದ ರೀತಿಯನ್ನು ಮರೆಯಬಾರದು.

ಡಿಸೆಂಬರ್ 2023ರ ಆ ಶುಕ್ರವಾರ ಬೆಳಿಗ್ಗೆ ನಾನು ದೊಡ್ಡಬಳ್ಳಾಪುರದ ಕಡೆಯ ಒಂದು ಗುಂಪಿನ ಕೊಟ್ಟಿಗೆಯಲ್ಲಿದ್ದೆ. ಹನ್ನೆರಡು ಮಂದಿ ಹೆಂಗಸರು ಟಾರ್ಪಾಲಿನ ಮೇಲೆ ಕುಳಿತು ಗಡ್ಡೆಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತಿದ್ದರು. ಅವಳಿ ಗಡ್ಡೆ, ಸಿಪ್ಪೆ ಬಿಟ್ಟ ಗಡ್ಡೆ ಒಂದು ಕಡೆ, ರಫ್ತಿನದು ಇನ್ನೊಂದು ಕಡೆ. ತುಂಬಿ ಹೊಲಿದ ಬಲೆಚೀಲಗಳು ಗೋಡೆಯುದ್ದಕ್ಕೂ ಅಟ್ಟಿಯಾಗಿದ್ದವು. ಲಾರಿ ಸಂಜೆಗೆ ಬರಬೇಕಿತ್ತು. ಆದೇಶದ ಪ್ರತಿ ಮೊಬೈಲಿಗೆ ಬಂದಾಗ ಗುಂಪಿನ ಕಾರ್ಯದರ್ಶಿ ಅದನ್ನು ಎರಡು ಸಲ ಓದಿ, ನನ್ನ ಕೈಗೆ ಕೊಟ್ಟು, “ಇದರಲ್ಲಿ ನಮಗೇನಾದರೂ ದಾರಿ ಇದೆಯಾ ನೋಡಿ ಸರ್” ಎಂದರು. ನಾನು ನೋಡಿದೆ. ದಾರಿ ಇತ್ತು, ಆದರೆ ಅವರಿಗಲ್ಲ. ಆದೇಶ ಹೊರಡುವ ಮೊದಲೇ ಹಡಗಿಗೆ ಸರಕು ತುಂಬಲು ಆರಂಭಿಸಿದ್ದರೆ, ಅಥವಾ ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತಿನ ಘೋಷಣೆ, ಸಲ್ಲಿಸಿ ಹಡಗು ಬಂದರಿಗೆ ಬಂದಿದ್ದರೆ, ಅಥವಾ ಸರಕನ್ನು ಕಸ್ಟಮ್ಸ್‌ಗೆ ಒಪ್ಪಿಸಿಯಾಗಿದ್ದರೆ ಕಳುಹಿಸಬಹುದಿತ್ತು. ಹೆಂಗಸರು ಮಧ್ಯಾಹ್ನದವರೆಗೆ ಕೆಲಸ ನಿಲ್ಲಿಸಲಿಲ್ಲ, ಏಕೆಂದರೆ ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಷರತ್ತುಗಳನ್ನು ಮತ್ತೊಮ್ಮೆ ಗಮನಿಸಿ. ಸರಕು ಹಳ್ಳಿಯಿಂದ ಹೊರಟು ಬಂದರು ಮುಟ್ಟುವ ಹಾದಿಯಲ್ಲಿ ಕೊನೆಯ ಹಂತವನ್ನು ಮಾತ್ರ ಅವು ಗುರುತಿಸುತ್ತವೆ. ತಿಂಗಳಿಗೆ ಮೂವತ್ತು ಕಂಟೈನರ್ ಕಳುಹಿಸುವ ವ್ಯಾಪಾರಿಯ ಸರಕಿನಲ್ಲಿ ಒಂದಿಷ್ಟು ಯಾವಾಗಲೂ ಆ ಹಂತದಲ್ಲಿರುತ್ತದೆ, ಹಾಗಾಗಿ ಅವನಿಗೆ ನಷ್ಟ ಭಾಗಶಃ. ಋತುವಿಗೆ ನಾಲ್ಕು ಕಂಟೈನರ್ ಕಟ್ಟುವ ನಿಮ್ಮಂಥ ಗುಂಪಿಗೆ ಎಲ್ಲ ಸರಕೂ ಕೊಟ್ಟಿಗೆಯಲ್ಲಿರುತ್ತದೆ ಅಥವಾ ಎಲ್ಲವೂ ಹೋಗಿರುತ್ತದೆ. ಒಂದೇ ಅಕ್ಷರದ ನಿಯಮ ಇಬ್ಬರ ಮೇಲೆ ಒಂದೇ ತೂಕವಾಗಿ ಬೀಳುವುದಿಲ್ಲ. ಆದ್ದರಿಂದ ನಿಮ್ಮ ಮನವಿಯ ಮೊದಲ ಬೇಡಿಕೆ ಇದಾಗಿರಲಿ: ರೈತ ಉತ್ಪಾದಕ ಕಂಪನಿ ಅಥವಾ ಸಹಕಾರ ಸಂಘ ಆದೇಶದ ದಿನಕ್ಕೆ ಮೊದಲೇ ಮಾಡಿಕೊಂಡ ಲಿಖಿತ ಒಪ್ಪಂದ ಹಾಗೂ ತೋಟಗಾರಿಕೆ ಇಲಾಖೆ ದೃಢೀಕರಿಸಿದ ದಾಸ್ತಾನು ಇದ್ದರೆ, ಆ ಪ್ರಮಾಣವನ್ನು ದಾರಿಯಲ್ಲಿರುವ ಸರಕು ಎಂದೇ ಪರಿಗಣಿಸಬೇಕು.

ಎರಡನೆಯದು ಮುನ್ಸೂಚನೆ. ಇಲ್ಲಿ ನಿಮಗೆ ಆಧಾರವಾಗಬಲ್ಲ ಒಂದು ಬೆಳವಣಿಗೆ ಆಗಿದೆ. 2025ರ ಜನವರಿಯಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು, ಅಂದರೆ ಡಿಜಿಎಫ್‌ಟಿ, 2023ರ ವಿದೇಶ ವ್ಯಾಪಾರ ನೀತಿಗೆ ತಿದ್ದುಪಡಿ ತಂದು, ನೀತಿಯನ್ನು ರೂಪಿಸುವಾಗ ಇಲ್ಲವೇ ಬದಲಾಯಿಸುವಾಗ ಸಂಬಂಧಪಟ್ಟವರ ಅಭಿಪ್ರಾಯ ಪಡೆಯುವ ಕ್ರಮವನ್ನು ಸೇರಿಸಿತು. ವಿಶೇಷ ಸಂದರ್ಭಗಳಲ್ಲಿ ತಾನೇ ನಿರ್ಧರಿಸುವ ಅಧಿಕಾರವನ್ನು ಸರ್ಕಾರ ಉಳಿಸಿಕೊಂಡಿದೆ, ಮತ್ತು ಈರುಳ್ಳಿಯ ವಿಷಯದಲ್ಲಿ ಎಲ್ಲ ಸಂದರ್ಭವೂ ವಿಶೇಷವೇ ಆಗಿಬಿಡುವ ಅಪಾಯವಿದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸೂಕ್ಷ್ಮವಿದೆ. ನಿಷೇಧ ಹೊರಡುವುದು ಡಿಜಿಎಫ್‌ಟಿಯಿಂದ. ರಫ್ತು ಸುಂಕ ಹೊರಡುವುದು ಹಣಕಾಸು ಸಚಿವಾಲಯದಿಂದ. ಒಂದು ಕಡೆ ಅಭಿಪ್ರಾಯ ಕೇಳುವ ಬಾಗಿಲು ತೆರೆದಿದ್ದರೂ ಶೇ 40ರ ಸುಂಕ ಇನ್ನೊಂದು ಬಾಗಿಲಿನಿಂದ ಬರಬಹುದು, 2023ರಲ್ಲಿ ಮೊದಲು ಬಂದದ್ದು ಹಾಗೆಯೇ. ಆದ್ದರಿಂದ ಮನವಿಯನ್ನು ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಡಿಜಿಎಫ್‌ಟಿ ಕಚೇರಿಗೆ ಮಾತ್ರ ಕೊಟ್ಟು ಸುಮ್ಮನಾಗಬೇಡಿ. ವಾಣಿಜ್ಯ, ಹಣಕಾಸು, ಗ್ರಾಹಕ ವ್ಯವಹಾರ, ಮೂರೂ ಸಚಿವಾಲಯಗಳಿಗೆ ಒಂದೇ ದಿನ ಕಳುಹಿಸಿ, ನಿಮ್ಮ ಸಂಸದರ ಕಚೇರಿಗೂ ಪ್ರತಿ ಕೊಡಿ.

ವಾದಕ್ಕೆ ಇನ್ನೂ ಎರಡು ಆಧಾರಗಳನ್ನು ಕೊಡುತ್ತೇನೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಕೃಷಿ ರಫ್ತು ನೀತಿಯು ಸಂಸ್ಕರಿತ ಕೃಷಿ ಉತ್ಪನ್ನಗಳನ್ನೂ ಸಾವಯವ ಉತ್ಪನ್ನಗಳನ್ನೂ ರಫ್ತು ನಿರ್ಬಂಧಗಳ ವ್ಯಾಪ್ತಿಗೆ ತರುವುದಿಲ್ಲ ಎಂದು ಮಾತು ಕೊಟ್ಟಿದೆ. ಜಿಐ ಮಾನ್ಯತೆ ಇರುವ, ದೇಶದೊಳಗಿನ ಬಳಕೆ ಅತ್ಯಲ್ಪವಾಗಿರುವ ಬೆಳೆಗಳಿಗೂ ಅದೇ ಮಾತನ್ನು ವಿಸ್ತರಿಸಿ ಎಂದು ಕೇಳುವುದು ಹೊಸ ತತ್ವವನ್ನು ಕೇಳಿದಂತಲ್ಲ, ಇರುವ ತತ್ವಕ್ಕೆ ಇನ್ನೊಂದು ಹೆಸರು ಸೇರಿಸಿ ಎಂದು ಕೇಳಿದಂತೆ. ವಿಶ್ವ ವ್ಯಾಪಾರ ಸಂಘಟನೆಯ ಕೃಷಿ ಒಪ್ಪಂದದ 12ನೇ ವಿಧಿಯೂ ಆಹಾರ ರಫ್ತು ನಿರ್ಬಂಧಿಸುವ ದೇಶ ಸಾಧ್ಯವಾದಷ್ಟು ಮುಂಚಿತವಾಗಿ ತಿಳಿಸಬೇಕೆನ್ನುತ್ತದೆ. ಅಭಿವೃದ್ಧಿಶೀಲ ದೇಶಗಳಿಗೆ ಇದರಿಂದ ವಿನಾಯಿತಿ ಇದೆ, ಆದರೆ ಆ ಪದಾರ್ಥದ ನಿವ್ವಳ ರಫ್ತುದಾರ ದೇಶಕ್ಕೆ ಇಲ್ಲ. ಈರುಳ್ಳಿಯಲ್ಲಿ ನಮ್ಮದು ನಿವ್ವಳ ರಫ್ತುದಾರ ದೇಶವೇ. ಸಿಂಗಪುರಕ್ಕೆ ಮುಂಚಿತವಾಗಿ ತಿಳಿಸಬೇಕಾದ ಸಂಗತಿಯನ್ನು ನಿಮ್ಮ ತಾಲ್ಲೂಕಿನ ಅವತಿಗೂ ವಿಜಯಪುರಕ್ಕೂ ತಿಳಿಸಿ ಎಂದು ಕೇಳುವುದರಲ್ಲಿ ಅತಿಯೇನೂ ಇಲ್ಲ.

ಮೂರನೆಯದು ಪ್ರಮಾಣಪತ್ರ. ವಿನಾಯಿತಿ ಕೊಟ್ಟಾಗಲೆಲ್ಲ, ಇದು ರೋಸ್ ಈರುಳ್ಳಿಯೇ, ಇಷ್ಟೇ ಪ್ರಮಾಣದ್ದು ಎಂದು ರಾಜ್ಯದ ತೋಟಗಾರಿಕೆ ಇಲಾಖೆಯ ಆಯುಕ್ತರು ದೃಢೀಕರಿಸಬೇಕೆಂಬ ಷರತ್ತು ಇರುತ್ತದೆ. ಇಲಾಖೆಯ ಕೇಂದ್ರ ಕಚೇರಿ ಲಾಲ್‌ಬಾಗಿನಲ್ಲಿದೆ. ನಗರದ ವ್ಯಾಪಾರಿಗೆ ಅದು ಅರ್ಧ ಗಂಟೆಯ ಕೆಲಸ. ನಿಮಗೆ ಬಸ್ಸು, ಮೆಟ್ರೊ, ಊಟ, ಒಂದು ಇಡೀ ದಿನ, ಸಹಿ ಆಗದಿದ್ದರೆ ಮರುದಿನವೂ. ಒಂದು ದೊಡ್ಡ ಕಂಟೈನರ್‌ಗೆ ಸುಮಾರು 28 ಟನ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ 10,000 ಟನ್‌ಗಳ ಮಿತಿ ಎಂದರೆ ಮುನ್ನೂರೈವತ್ತು ಕಂಟೈನರ್ ಮಾತ್ರ, ಮತ್ತು ಮಿತಿ ಇರುವ ಕಡೆ ಕಾಗದ ಸಿದ್ಧವಿದ್ದವರದೇ ಮೊದಲ ಸರದಿ. ದೃಢೀಕರಣವನ್ನು ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಮಟ್ಟಕ್ಕೆ ಇಳಿಸಬೇಕು, ಮಿತಿ ಹಾಕುವುದಾದರೆ ಅದರಲ್ಲಿ ಒಂದು ಪಾಲನ್ನು ರೈತರ ಸಂಸ್ಥೆಗಳಿಗೆ ಮೀಸಲಿಡಬೇಕು ಎಂದು ಕೇಳಿ. ಇದರಲ್ಲಿ ಮೊದಲನೆಯದಕ್ಕೆ ರಾಜ್ಯ ಸರ್ಕಾರವೇ ಕೇಂದ್ರವನ್ನು ಒಪ್ಪಿಸಬಹುದು, ಆದ್ದರಿಂದ ಅದು ಬೇಗ ಆಗಬಹುದಾದ ಕೆಲಸ.

ಇನ್ನು ನಿಮ್ಮ ಮೊದಲ ಪ್ರಶ್ನೆ. ನೇರವಾಗಿ ರಫ್ತು ಮಾಡಲು ಕಾನೂನಿನ ಅಡ್ಡಿಯಿಲ್ಲ. ಆಮದು–ರಫ್ತು ಸಂಕೇತ ಸಂಖ್ಯೆ, ಅಂದರೆ ಐಇಸಿ, ಆನ್‌ಲೈನ್‌ನಲ್ಲೇ ಸಿಗುತ್ತದೆ, ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಅದರ ವಿವರವನ್ನು ಖಚಿತಪಡಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಸರಕು ಬಂದರಿನಲ್ಲಿದ್ದಾಗ ಇದು ಗೊತ್ತಾಗಿ ಪರದಾಡಿದವರಿದ್ದಾರೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕೇಂದ್ರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾದಲ್ಲಿ ನೋಂದಣಿ, ಪ್ರತಿ ರವಾನೆಗೂ ಸಸ್ಯ ಆರೋಗ್ಯ ಪ್ರಮಾಣಪತ್ರ, ಕಸ್ಟಮ್ಸ್ ಏಜೆಂಟ್, ಕಂಟೈನರ್ ಬುಕಿಂಗ್, ಬ್ಯಾಂಕಿನ ಕಾಗದ ಇವೆಲ್ಲ ಬೇಕು. ಒಂದೊಂದೂ ಅಸಾಧ್ಯವಲ್ಲ. ಆದರೆ ಇವುಗಳ ಖರ್ಚೂ ಓಡಾಟವೂ ಒಂದು ಕಂಟೈನರ್‌ಗೂ ಐವತ್ತಕ್ಕೂ ಹೆಚ್ಚುಕಡಿಮೆ ಒಂದೇ. ಕಿಲೋ ಲೆಕ್ಕಕ್ಕೆ ಇಳಿಸಿದರೆ ಏಜೆಂಟ್ ತೆಗೆದುಕೊಳ್ಳುತ್ತಿದ್ದ ಲಾಭಕ್ಕಿಂತ ನಿಮ್ಮ ಖರ್ಚೇ ಹೆಚ್ಚಾಗಬಹುದು.

ಇದಕ್ಕೆ ನಮ್ಮ ಪಕ್ಕದಲ್ಲೇ ಇರುವ ಮಿಡಿಸೌತೆಯನ್ನು, ಅಂದರೆ ಗರ್ಕಿನ್ ಬೆಳೆಯನ್ನು, ನೋಡಿ. ದೇಶದಿಂದ ರಫ್ತಾಗುವ ಮಿಡಿಸೌತೆಯ ಬೆಳೆ ತೊಂಬತ್ತರ ದಶಕದ ಆರಂಭದಲ್ಲಿ ಕರ್ನಾಟಕದಲ್ಲೇ ಬೇರೂರಿ, ಮುಂದೆ ಆಂಧ್ರ, ತೆಲಂಗಾಣ, ತಮಿಳುನಾಡಿಗೆ ಹರಡಿತು. ಕೇಂದ್ರ ವಾಣಿಜ್ಯ ಸಚಿವಾಲಯ 2022ರ ಜನವರಿಯಲ್ಲಿ ಕೊಟ್ಟ ಲೆಕ್ಕದಂತೆ ಸುಮಾರು 90 ಸಾವಿರ ಸಣ್ಣ, ಅತಿಸಣ್ಣ ರೈತರು 65 ಸಾವಿರ ಎಕರೆಯಲ್ಲಿ ಅದನ್ನು ಒಪ್ಪಂದದ ಮೇಲೆ ಬೆಳೆಯುತ್ತಾರೆ, ಬೆಳೆ 90 ದಿನದ್ದು, ರಫ್ತು 2020-21ರಲ್ಲಿ 20 ಕೋಟಿ ಡಾಲರ್ ದಾಟಿತ್ತು. ಅರ್ಧ ಎಕರೆಯವರೂ ಅಲ್ಲಿ ನಿಲ್ಲಲು ಎರಡು ಕಾರಣ. ಬೀಜ, ಔಷಧಿಯ ದಾಖಲೆ, ಪ್ರಯೋಗಾಲಯ, ಕಂಟೈನರ್ ಎಲ್ಲದರ ಸ್ಥಿರ ಖರ್ಚನ್ನು ಒಪ್ಪಂದ ಮಾಡಿಕೊಂಡ ಕಾರ್ಖಾನೆ ಹೊರುತ್ತದೆ. ಮತ್ತು ಮಿಡಿಸೌತೆಯ ಬೆಲೆ ಯಾವ ಚುನಾವಣೆಯಲ್ಲೂ ಚರ್ಚೆಯಾಗುವುದಿಲ್ಲ, ಹಾಗಾಗಿ ಅದನ್ನು ನಿಷೇಧಿಸುವ ಯೋಚನೆ ಯಾರಿಗೂ ಬರುವುದಿಲ್ಲ. ರೋಸ್ ಈರುಳ್ಳಿಯೂ ಮಿಡಿಸೌತೆಯಂತೆಯೇ ಹೊರದೇಶದವರಿಗಾಗಿ ಬೆಳೆಯುವ ಬೆಳೆ. ಹೆಸರಿನಲ್ಲಿ ಈರುಳ್ಳಿ ಎಂದಿರುವುದೊಂದೇ ಅದಕ್ಕೆ ಕಂಟಕ. ಒಪ್ಪಂದ ಕೃಷಿಯಲ್ಲಿ ಕಂಪನಿ ಹೇಳಿದ್ದೇ ದರ್ಜೆ, ಕಂಪನಿ ತೂಗಿದ್ದೇ ತೂಕ ಎಂಬ ದೂರುಗಳಿವೆ, ಅವು ನಿಜವೂ ಹೌದು. ಅದಕ್ಕೇ ನಿಮ್ಮ ಗುಂಪು ಕಾರ್ಖಾನೆಯ ಜಾಗದಲ್ಲಿ ತಾನೇ ನಿಲ್ಲಬೇಕೆಂದು ಬಯಸುವುದು ನನಗೆ ಅರ್ಥವಾಗುತ್ತದೆ.

ನನ್ನ ಸಲಹೆ ಇಷ್ಟು. ಈ ವರ್ಷ ಐಇಸಿ ಮತ್ತು ಅಪೆಡಾ ನೋಂದಣಿ ಮಾಡಿಸಿ, ಆದರೆ ಸರಕನ್ನು ಈಗಿರುವ ರಫ್ತುದಾರರ ಮೂಲಕವೇ ಕಳುಹಿಸಿ. ಏಜೆಂಟರ ಬಾಯಿಮಾತು ಬಿಟ್ಟು ಲಿಖಿತ ಒಪ್ಪಂದ ಮಾಡಿಕೊಳ್ಳಿ. ಅದರಲ್ಲಿ ದರ್ಜೆ, ತೂಕ ಮಾಡುವ ಜಾಗ, ಹಣ ಕೊಡುವ ದಿನ, ಮತ್ತು ರಫ್ತು ನಿಂತರೆ ನಷ್ಟ ಯಾರದು ಎಷ್ಟು ಎಂಬ ಷರತ್ತು ಇರಲೇಬೇಕು. ಮೇಲೆ ಹೇಳಿದ ನಿಷೇಧಗಳೂ 2023ರ ಸುಂಕವೂ ಆಗಸ್ಟ್‌ನಿಂದ ಡಿಸೆಂಬರ್ ಒಳಗೆ, ಮಹಾರಾಷ್ಟ್ರದ ಹಳೆಯ ದಾಸ್ತಾನು ಕರಗಿ ಹೊಸ ಬೆಳೆ ಇನ್ನೂ ಬರುತ್ತಿರುವ ಹೊತ್ತಿನಲ್ಲೇ ಬಂದಿವೆ. ಆ ಐದು ತಿಂಗಳ ಕೊಯ್ಲಿಗೆ ಮುಂಗಡ ಕೇಳಿ, ಸಾಧ್ಯವಾದರೆ ಬಿತ್ತನೆಯನ್ನೇ ಸ್ವಲ್ಪ ಕಡಿಮೆ ಮಾಡಿ. ಎರಡನೆಯ ವರ್ಷ ನಿಮ್ಮ ಹೆಸರಿನಲ್ಲೇ ಒಂದು ಕಂಟೈನರ್ ಕಳುಹಿಸಿ, ಕೇಂದ್ರ ಸರ್ಕಾರದ ರಫ್ತು ವಿಮಾ ಸಂಸ್ಥೆಯಾದ ಇಸಿಜಿಸಿಯ ವಿಮೆ ಮಾಡಿಸದೆ ಮಾತ್ರ ಕಳುಹಿಸಬೇಡಿ. ಅದು ಸುರಳೀತವಾಗಿ ನಡೆದರೆ ಚಿಂತಾಮಣಿ, ಗೌರಿಬಿದನೂರು ಕಡೆಯ ಇನ್ನೆರಡು ಮೂರು ಗುಂಪುಗಳೊಡನೆ ಸೇರಿ ಒಬ್ಬ ಕಾಗದಪತ್ರದ ಗುಮಾಸ್ತರನ್ನು ಹಂಚಿಕೊಂಡು ಇಟ್ಟುಕೊಳ್ಳಿ. ಒಂದಾಗಿ ಮಾರುವುದು ಈ ಊರಿಗೆ ಹೊಸದಲ್ಲ. ಇಂದಿನ ಹಾಪ್‌ಕಾಮ್ಸ್ 1959ರಲ್ಲಿ ಶುರುವಾದದ್ದು ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಂಘವಾಗಿಯೇ.

ತರಕಾರಿಯ ವಿಷಯ ಬೇರೆ. ವಿಮಾನ ನಿಲ್ದಾಣ ನಿಮ್ಮ ಹೊಲದ ಪಕ್ಕದಲ್ಲಿದೆ ಎಂಬುದು ಅನುಕೂಲವೇ, ಆದರೆ ಅಲ್ಲಿ ತಡೆಯುವುದು ದೂರವಲ್ಲ, ಔಷಧಿಯ ಶೇಷ. ಐರೋಪ್ಯ ಒಕ್ಕೂಟದಲ್ಲಿ ಪ್ರತ್ಯೇಕ ಮಿತಿ ನಿಗದಿಯಾಗದ ಕೀಟನಾಶಕಕ್ಕೆ ಅನ್ವಯವಾಗುವ ಮಿತಿ ಕಿಲೋಗೆ 0.01 ಮಿಲಿಗ್ರಾಂ, ಅಂದರೆ ನೂರು ಟನ್ ತರಕಾರಿಯಲ್ಲಿ ಒಂದು ಗ್ರಾಂ. ಪಕ್ಕದ ಹೊಲದಿಂದ ಗಾಳಿಯಲ್ಲಿ ಬಂದದ್ದೂ ಅದನ್ನು ಮೀರಬಹುದು. ನಾನು ಕಂಡ ಅತ್ಯುತ್ತಮ ದಾಖಲೆ ಒಂದು ಪಂಪ್‌ಹೌಸಿನ ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿದ್ದ ನೂರು ಪುಟದ ನೋಟ್‌ಬುಕ್ಕು. ಯಾವ ದಿನ, ಯಾವ ಔಷಧಿ, ಎಷ್ಟು ಮಿಲಿ, ಯಾರು ಹೊಡೆದರು, ಕೊಯ್ಲಿಗೆ ಇನ್ನೆಷ್ಟು ದಿನ, ಎಲ್ಲವೂ ಆ ಮನೆಯ ಹೈಸ್ಕೂಲು ಹುಡುಗಿಯ ಅಕ್ಷರದಲ್ಲಿತ್ತು. ಖಾಲಿ ಡಬ್ಬಿಯ ಲೇಬಲ್ಲನ್ನೂ ಕಿತ್ತು ಪುಟಕ್ಕೆ ಅಂಟಿಸಿದ್ದಳು. ನಿಮ್ಮಲ್ಲಿ ಐವತ್ತು ಹೊಲಗಳಲ್ಲಿ ಅಂಥ ಪುಸ್ತಕ ಇದ್ದರೆ ಖರೀದಿದಾರರೊಡನೆ ಮಾತು ಆರಂಭಿಸಬಹುದು. ಸರ್ಕಾರದಿಂದ ಹಣದ ರೂಪದಲ್ಲಿ ಏನಾದರೂ ಕೇಳುವುದಿದ್ದರೆ, ರೈತ ಸಂಸ್ಥೆಗಳ ಶೇಷ ಪರೀಕ್ಷೆಯ ಶುಲ್ಕ ಭರಿಸಿ ಎಂದು ಕೇಳಿ.

ದೇಶದೊಳಗಿನ ಮಾರಾಟದ ಬಗ್ಗೆಯೂ ಒಂದು ಮಾತು, ಏಕೆಂದರೆ ನಿಮ್ಮ ತರಕಾರಿಯ ಬಹುಪಾಲು ಬೆಂಗಳೂರಿನಲ್ಲೇ ಕರಗುತ್ತದೆ. ಎಪಿಎಂಸಿಯಲ್ಲಿ ಕಮಿಷನ್ ಖರೀದಿದಾರರಿಂದ ಬರಬೇಕೇ ಹೊರತು ರೈತರಿಂದ ಹಿಡಿಯುವಂತಿಲ್ಲ. ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟರೆ ಒಪ್ಪದೆ ಅಧಿಕೃತ ರಸೀದಿಯನ್ನೇ ಕೇಳಿ, ಒಬ್ಬೊಬ್ಬರಾಗಿ ಕೇಳಲು ಸಂಕೋಚವಾದರೆ ಕಂಪನಿಯ ಹೆಸರಿನಲ್ಲಿ ಕೇಳಿ. ದೊಡ್ಡ ಅಂಗಡಿ ಸರಪಳಿಗಳಿಗೆ ಕೊಡುವಾಗ ಹಣ ತಡವಾಗುವುದು ಹೆಚ್ಚಿನ ಗುಂಪುಗಳ ಗೋಳು. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬಡ್ಡಿ ಸೇರಿಸಬೇಕು ಎಂದು 2006ರ ಕಾನೂನು ಹೇಳುತ್ತದೆ, ಆದರೆ ಬೆಳೆ ಬೆಳೆಯುವುದು ಆ ವ್ಯಾಖ್ಯೆಯೊಳಗಿಲ್ಲ, ಕೊಂಡು ಮಾರುವ ಸಂಸ್ಥೆಗೆ ನೋಂದಣಿ ಸಿಕ್ಕರೂ ಆ ರಕ್ಷಣೆ ಸಿಗುವುದಿಲ್ಲ. ಕೊಳೆಯುವ ಸರಕು ಮಾರುವವರಿಗೆ ಈ ರಕ್ಷಣೆ ಇಲ್ಲದಿರುವುದು ದೊಡ್ಡ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮನವಿಯಲ್ಲಿ ಇದನ್ನೂ ಸೇರಿಸಿ.

ಮನವಿ ಎರಡು ಪುಟ ಮೀರಬಾರದು. ಅದರ ಜೊತೆಗೆ ಒಂದು ಪಟ್ಟಿ ಇರಲಿ: ಯಾವ ಊರಿನಲ್ಲಿ ಎಷ್ಟು ಎಕರೆ ರೋಸ್ ಈರುಳ್ಳಿ, ಬಿತ್ತಿದ ವಾರ ಯಾವುದು, ಕೊಯ್ಲಿನ ವಾರ ಯಾವುದು, ಅಂದಾಜು ಇಳುವರಿ ಎಷ್ಟು. 2019, 2020 ಮತ್ತು 2023ರಲ್ಲಿ ನಿಮ್ಮ ಸದಸ್ಯರು ಕೊಟ್ಟಿಗೆಯಲ್ಲಿ ಕಳೆದುಕೊಂಡ ಚೀಲಗಳ ಲೆಕ್ಕ, ಹಳೆಯ ಏಜೆಂಟ್ ಚೀಟಿಗಳ ಸಮೇತ, ಇನ್ನೊಂದು ಪುಟದಲ್ಲಿರಲಿ. ಬಿತ್ತನೆಯ ಪಟ್ಟಿಯನ್ನು ಮೊದಲು ನಿಮ್ಮ ತಾಲ್ಲೂಕಿನ ತೋಟಗಾರಿಕೆ ಅಧಿಕಾರಿಗಳಿಂದ ಮೊಹರು ಹಾಕಿಸಿ, ಅವರಿಂದಲೇ ಲಾಲ್‌ಬಾಗಿಗೆ ಕಳುಹಿಸಿ, ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ. ಆಗಸ್ಟ್ ಬರುವ ಮೊದಲೇ ಅದು ಅಲ್ಲಿನ ಕಡತದಲ್ಲಿದ್ದರೆ, ಮುಂದಿನ ಸಲ ಆದೇಶ ಹೊರಟ ದಿನವೇ ದಾಸ್ತಾನನ್ನು ತೋರಿಸಿ ವಿನಾಯಿತಿ ಕೇಳಲು ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ.